ಫಿಲ್ಟರಿನ ಧೂಳು ಎಲ್ಲಿಗೆ ಹೋಯಿತು

ಅಣ್ಣನಿಗೂ ನನಗೂ ಪಾಲಾದಾಗ ಹೊಲ ಎರಡಾಯಿತು, ಮನೆ ಎರಡಾಯಿತು, ಹಿತ್ತಲಲ್ಲಿ ಅಡ್ಡಗೋಡೆ ಎದ್ದಿತು. ಟ್ರ್ಯಾಕ್ಟರನ್ನು ಮಾತ್ರ ನಡುವೆ ಸೀಳಿ ಹಂಚಲಾಗಲಿಲ್ಲ. ಪಾಲು ಮಾಡಲು ಕೂತ ಹಿರಿಯರು ಬಹಳ ಹೊತ್ತು ಗಡ್ಡ ಕೆರೆದುಕೊಂಡು ಕೊನೆಗೊಂದು ತೀರ್ಪು ಹೇಳಿದರು. ಗಾಡಿ ಇಬ್ಬರದು, ಎರಡೂ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ನಿಲ್ಲಬೇಕು. ಒಂದು ವಾರ ದೊಡ್ಡವನು ಹೊಡೆಯಬೇಕು, ಒಂದು ವಾರ ಸಣ್ಣವನು. ಟೈರು, ಬ್ಯಾಟರಿ ದೊಡ್ಡವನ ಪಾಲಿಗೆ; ಎಂಜಿನ್ ಆಯಿಲ್ಲು, ಆಯಿಲ್ ಫಿಲ್ಟರು, ಏರ್ ಫಿಲ್ಟರು ಸಣ್ಣವನ ಪಾಲಿಗೆ. ಎಂದಾದರೂ ಎಂಜಿನ್ನೇ ಕೆಟ್ಟು ಬಿಚ್ಚುವ ಪ್ರಸಂಗ ಬಂದರೆ ಗಾಡಿ ಮಾರಿ, ಬಂದದ್ದನ್ನು ಹಂಚಿಕೊಂಡು ಕೈತೊಳೆದುಕೊಳ್ಳಬೇಕು. ಅಣ್ಣ ತಲೆಯಾಡಿಸಿದ. ನಾನೂ ಆಡಿಸಿದೆ.

ಅಲ್ಲಿಂದ ಇಬ್ಬರ ನಡುವೆ ಮಾತು ನಿಂತಿತು. ಯಾಕೆ ನಿಂತಿತು ಎಂದು ಕೇಳಿದರೆ ಈಗ ನನಗೇ ಸರಿಯಾಗಿ ಹೇಳಲು ಬರುವುದಿಲ್ಲ. ಅಡ್ಡಗೋಡೆ ಒಂದು ಗೇಣು ತನ್ನ ಕಡೆ ಸರಿದು ಬಂದಿದೆ ಎಂದು ಅವನ ವಾದ, ನನ್ನ ಕಡೆ ಬಂದಿದೆ ಎಂದು ನನ್ನ ವಾದ. ಇಬ್ಬರಿಗೂ ನಷ್ಟವಾಗುವಂಥ ಗೋಡೆಯನ್ನು ಆ ಗೌಂಡಿ ಹೇಗೆ ಕಟ್ಟಿದನೋ ಶಿವನಿಗೇ ಗೊತ್ತು. ವಾರ ಮುಗಿದ ಸಂಜೆ ಒಬ್ಬ ಗಾಡಿಯ ಕೀಲಿಯನ್ನು ಶೆಡ್ಡಿನ ಮೊಳೆಗೆ ಸಿಕ್ಕಿಸಿ ಹೋಗುವುದು, ಮರುದಿನ ಇನ್ನೊಬ್ಬ ಬಂದು ತೆಗೆದುಕೊಳ್ಳುವುದು. ನಮ್ಮ ನಡುವೆ ಉಳಿದ ಕೊಡುಕೊಳ್ಳುವಿಕೆ ಅಷ್ಟೇ. ಗಾಡಿಯೂ ಹೋದರೆ ಅದೂ ಇಲ್ಲ ಎಂಬ ಭಯ ನನಗೆ ಒಳಗೊಳಗೇ ಇತ್ತು. ಆದರೆ ಗಾಡಿಯನ್ನು ಉಳಿಸುವ ಫಿಲ್ಟರಿನ ವಿಷಯದಲ್ಲಿ ನಾನು ಶುದ್ಧ ದಡ್ಡ. ಅಲ್ಲಿಯತನಕ ಅದನ್ನೆಲ್ಲ ಅಣ್ಣನೇ ನೋಡಿಕೊಳ್ಳುತ್ತಿದ್ದ.

ಮೊದಲ ಸಲ ಫಿಲ್ಟರು ತರಲು ಅಣ್ಣಿಗೇರಿಗೆ ಹೋದೆ. ಪಾರ್ಟ್ಸ್ ಅಂಗಡಿಯ ಚಾಚಾ ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ ಕೇಳಿದರು.

“ಯಾವ್ದು ಕೊಡ್ಲಿ ಗೌಡ್ರ? ಕಂಪನೀದೋ, ಲೋಕಲ್ಲೋ?”

“ಕಂಪನೀದ ಕೊಡ್ರಿ. ಯಾವ ಕಂಪನೀದೈತಿ?”

“ಕಂಪನೀದರಿ.”

“ಅದ ಕೇಳಾಕತ್ತೇನ್ರಿ, ಯಾವ ಕಂಪನಿ?”

“ಅರೆ, ಕಂಪನೀದಂದ್ರ ಕಂಪನೀದ ರಿ!”

ಚಹಾ ತರಿಸಿ ಅವರು ಬಿಡಿಸಿ ಹೇಳಿದ ಮೇಲೆ ಸ್ವಲ್ಪ ತಲೆಗೆ ಹತ್ತಿತು. ಟ್ರ್ಯಾಕ್ಟರ್ ಮಾಡಿದವರೇ ತಮ್ಮ ಮುದ್ರೆ ಒತ್ತಿ ಕಳಿಸುವುದು ‘ಕಂಪನೀದು’. ಬೇರೆಯವರು ಮಾಡುವುದೆಲ್ಲ, ಅವರದು ಎಷ್ಟೇ ದೊಡ್ಡ ಕಂಪನಿಯಾಗಿರಲಿ, ‘ಲೋಕಲ್’. ಅದರಲ್ಲೂ ‘ಚಲೋ ಲೋಕಲ್’ ಬೇರೆ, ‘ಬರೇ ಲೋಕಲ್’ ಬೇರೆ. ಇವೆಲ್ಲ ಬಿಟ್ಟು ಡುಪ್ಲಿಕೇಟ್ ಎಂಬುದೊಂದಿದೆ, ಅದು ಕಂಪನಿಯ ಡಬ್ಬಿಯಲ್ಲೇ ಬರುತ್ತದೆ. ಹಾಗಾದರೆ ಗುರುತಿಸುವುದು ಹೇಗೆ ಎಂದು ಕೇಳಿದೆ. ಚಾಚಾ ಡಬ್ಬಿಯ ಮೇಲಿನ ಮಿಂಚುವ ಚೀಟಿಯನ್ನು ತೋರಿಸಿದರು, ಆಮೇಲೆ ಆ ಚೀಟಿಯೂ ಡುಪ್ಲಿಕೇಟ್ ಬರುತ್ತದೆ ಎಂದೂ ಹೇಳಿದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಗಾದೆ ಮಾಡಿದವನು ಯಾವುದು ಹಾಲು ಎಂದೂ ಹೇಳಿ ಹೋಗಿದ್ದರೆ ಉಪಕಾರವಾಗುತ್ತಿತ್ತು. ತಲೆಕೆಟ್ಟು ಆಯಿಲ್ಲಿಗೊಂದು, ಗಾಳಿಗೊಂದು ಎಂದು ‘ಚಲೋ ಲೋಕಲ್’ ಜೋಡಿಯನ್ನು ತಂದೆ.

ಊರಲ್ಲಿ ಇಳಿದರೆ ಕಟ್ಟೆಯ ಮೇಲೆ ಕೂತವರೆಲ್ಲ ಪಂಡಿತರು. ಒಬ್ಬ ಕೈಯಲ್ಲಿ ತೂಗಿ ನೋಡಿ, ಭಾರ ಇದ್ದರೆ ಅಸಲಿ ಅಂದ. ಇನ್ನೊಬ್ಬ ಒಳಗಿನ ಕಾಗದದ ಮಡಿಕೆ ಒತ್ತೊತ್ತಾಗಿರಬೇಕು ಅಂದ. ಮತ್ತೊಬ್ಬ ಹಾಗಿದ್ದರೆ ಎಂಜಿನ್ನಿಗೆ ಉಸಿರಾಟ ಕಷ್ಟ, ಮಡಿಕೆ ವಿರಳವಾಗಿರಬೇಕು ಅಂದ. ಆಯಿಲ್ ಫಿಲ್ಟರನ್ನು ಕೈಯಿಂದಷ್ಟೇ ಬಿಗಿ ಮಾಡು ಎಂದು ಒಬ್ಬ, ಪಾನಾ ಹಚ್ಚಿ ತಿರುವದಿದ್ದರೆ ಸೋರುತ್ತದೆ ಎಂದು ಒಬ್ಬ. ಸಾಕಾಗಿ ಮನೆಗೆ ಬಂದು, ಬಿಚ್ಚಿದ ಹಳೆಯ ಆಯಿಲ್ ಫಿಲ್ಟರನ್ನು ಗರಗಸದಿಂದ ಕೊಯ್ದು ನೋಡಿದೆ. ಒಳಗೆ ಕಪ್ಪಗೆ ಎಣ್ಣೆ ಕುಡಿದ ಕಾಗದವಿತ್ತು. ಅದನ್ನು ನೋಡಿ ಅಂಗಿ ಹೊಲಸಾಯಿತೇ ಹೊರತು ಬುದ್ಧಿಯೇನೂ ಬರಲಿಲ್ಲ.

ಆದರೆ ಆ ಏರ್ ಫಿಲ್ಟರು ನನ್ನ ಮಾನ ಕಾಯಿತು. ನಮ್ಮದು ಕಪ್ಪು ಮಣ್ಣಿನ ಎರೆ ಹೊಲ. ಹಸಿ ಇದ್ದಾಗ ಗಾಲಿ ಬಿಡದ ಮಣ್ಣು ಒಣಗಿದ ಮೇಲೆ ಹಿಟ್ಟಾಗಿ ಹಾರುತ್ತದೆ. ರೋಟಾವೇಟರ್ ಹೊಡೆದು ಬಂದರೆ ನನ್ನ ರೆಪ್ಪೆಯೂ ಕಪ್ಪು. ಅಂಥದ್ದರಲ್ಲಿ ನಾನು ನನ್ನ ವಾರದಲ್ಲಿ ಯಾವತ್ತು ಮುಂಜಾನೆ ಫಿಲ್ಟರಿನ ಮುಚ್ಚಳ ತೆಗೆದು ನೋಡಿದರೂ ಕಾಗದ ಸ್ವಚ್ಛ. ತಿಂಗಳುಗಟ್ಟಲೆ ಹೀಗೇ ನಡೆಯಿತು. ನನಗೆ ಕೋಡು ಬಂದವು. ಕಟ್ಟೆಗೆ ಹೋಗಿ, “ಮಾಲು ಆರಸಾಕ ಕಣ್ಣಿರಬೇಕ್ರೋ” ಎಂದು ಪಂಡಿತರಿಗೇ ಪಾಠ ಹೇಳಿದೆ. ನಮ್ಮಂಥದ್ದೇ ಗಾಡಿಯಿದ್ದ ಬಾಜು ಮನೆಯ ಹುಡುಗ ನನ್ನ ಮಾತು ನಂಬಿ ಅದೇ ಫಿಲ್ಟರು ತಂದು ಹಾಕಿಸಿದ.

ಕಡಲೆ ರಾಶಿಯ ಸುಗ್ಗಿಯಲ್ಲಿ ಅವನು ನಮ್ಮ ಬಾಗಿಲಿಗೆ ಬಂದು ನಿಂತ. ಮುಖವೆಲ್ಲ ಧೂಳು, ಸಿಟ್ಟು ಬೇರೆ.

“ಕಾಕಾ, ಎಂಥಾ ಫಿಲ್ಟರ್ ಹಾಕ್ಸಿದ್ರಿ ನನಗ? ಗಾಡಿ ಕರೀ ಹೊಗಿ ಕಾರಿ ನಿಂತೈತಿ. ತಗದ್ ನೋಡಿದ್ರ ಫಿಲ್ಟರ್ ಗಚ್ಚಾಗೇತಿ!”

ನಾನು ನಂಬಲಿಲ್ಲ. ಅವನ ಗಾಡಿಯ ತನಕ ಹೋಗಿ ನೋಡಿದರೆ ಮಡಿಕೆ ಮಡಿಕೆಯಲ್ಲೂ ಮಣ್ಣು ತುಂಬಿತ್ತು. ನಮ್ಮದನ್ನೂ ಬಿಚ್ಚಿ ತಂದು ಪಕ್ಕಕ್ಕಿಟ್ಟೆ. ಅದೇ ಹೆಸರು, ಅದೇ ಅಳತೆ, ಅದೇ ಸುಗ್ಗಿ. ನಮ್ಮದು ಮಾತ್ರ ಬೆಳ್ಳಗೆ. ಇವನದು ಡುಪ್ಲಿಕೇಟ್ ಎಂದುಕೊಂಡೆ. ಮರುಕ್ಷಣ ನಮ್ಮದೇ ಡುಪ್ಲಿಕೇಟ್ ಇದ್ದು, ಡುಪ್ಲಿಕೇಟೇ ಚಲೋ ಇದ್ದರೆ ಏನು ಮಾಡುವುದು ಎಂದು ಅನುಮಾನ ಬಂತು.

ಅವನ ಗಾಡಿ ನೋಡಲು ಬಂದಿದ್ದ ಮಿಸ್ತ್ರಿ ಎರಡನ್ನೂ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿದ.

“ಇವಂದು ಧೂಳಾ ಹಿಡದೈತ್ರಿ, ಅದಕ್ಕ ಕಟ್ಟೇತಿ. ನಿಮ್ದು ಹಿಡದ ಇಲ್ಲ. ಅಂದ್ರ ಧೂಳಾ ಸೀದಾ ಎಂಜಿನ್ನಿಗೆ ಹೊಂಟೈತಿ. ಎಂಜಿನ್ ಮಣ್ಣ ತಿನ್ನಾಕತ್ತೈತ್ರಿ ನಿಮ್ದು.”

ಎಂಜಿನ್ ಹೋದರೆ ಗಾಡಿ ಮಾರಬೇಕು. ಅದೂ ನನ್ನ ಪಾಲಿನ ಫಿಲ್ಟರಿನಿಂದ, ನಾನು ಊರೆಲ್ಲ ಹೊಗಳಿಕೊಂಡು ತಿರುಗಿದ ಫಿಲ್ಟರಿನಿಂದ. ಮಿಸ್ತ್ರಿ ಒಂದು ಪರೀಕ್ಷೆ ಹೇಳಿಕೊಟ್ಟ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪು ಬಿಚ್ಚಿ, ಒಳಗೆ ಬೆರಳಾಡಿಸಿ ನೋಡಬೇಕು. ಬೆರಳಿಗೆ ಮಣ್ಣು ಹತ್ತಿದರೆ ಮುಗಿಯಿತು. ಶೆಡ್ಡಿಗೆ ಬಂದು ದೇವರ ಹೆಸರು ಹೇಳಿ ಬೆರಳಿಟ್ಟೆ. ಬೆರಳು ಸ್ವಚ್ಛವಾಗಿ ಹೊರಗೆ ಬಂತು. ಇನ್ನೊಂದು ಬೆರಳಿಟ್ಟೆ, ಅದೂ ಸ್ವಚ್ಛ.

ಆಗ ನಿಜವಾಗಿ ನನ್ನ ತಲೆ ಕೆಟ್ಟಿತು. ಧೂಳು ಫಿಲ್ಟರಿನಲ್ಲಿಲ್ಲ, ಪೈಪಿನಲ್ಲಿಲ್ಲ. ಹೊಲದಲ್ಲಿ ಮಾತ್ರ ಮುಖ ಕಾಣದಷ್ಟಿದೆ. ಹಾಗಾದರೆ ಒಳಗೆ ಹೋದ ಧೂಳು ಎಲ್ಲಿಗೆ ಹೋಯಿತು? ಊಟಕ್ಕೆ ಕೂತಾಗಲೂ ಅದನ್ನೇ ವಟಗುಟ್ಟುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮೊದಲು ಕೇಳಿಸದವಳಂತೆ ಇದ್ದಳು, ಆಮೇಲೆ ಸೆರಗು ಬಾಯಿಗಿಟ್ಟು ನಕ್ಕಳು.

“ಮುಂಜಾನೆ ಎಂಟಕ್ಕ ಏಳಾವ್ರಿಗೆ ಅದೆಲ್ಲಿ ತಿಳೀತೈತ್ರಿ. ನಾಳಿ ನಸಿಕಿನ್ಯಾಗ ಎದ್ದ ಶೆಡ್ಡಿಗೆ ಹೋಗ್ರಿ.”

“ಯಾಕ? ಏನೈತಿ ಅಲ್ಲಿ?”

“ನೀವ ನೋಡ್ರಿ. ಓಣಿ ಹೆಂಗಸ್ರಿಗೆಲ್ಲ ಗೊತ್ತೈತಿ, ನಿಮಗೊಬ್ರಿಗೆ ಗೊತ್ತಿಲ್ಲ.”

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎದ್ದು ಹೋದೆ. ಗಾಡಿ ನನ್ನ ವಾರದ್ದು. ಆದರೆ ಅದರ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಅಣ್ಣ ಕೂತಿದ್ದ. ತೊಡೆಯ ಮೇಲೆ ಏರ್ ಫಿಲ್ಟರು. ಹಾಲು ಕುಡಿದ ಕೂಸಿನ ಬೆನ್ನು ತಟ್ಟುವ ಹಾಗೆ ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದ, ತಿರುಗಿಸುತ್ತಿದ್ದ, ಸೈಕಲ್ ಪಂಪಿನ ಬಾಯಿಯನ್ನು ಒಳಗಿಟ್ಟು ಗಾಳಿ ಹೊಡೆಯುತ್ತಿದ್ದ. ಧೋತರದ ಮೇಲೆಲ್ಲ ಎರೆಯ ಧೂಳು ಬಿದ್ದಿತ್ತು. ನಾನು ಊರ ತುಂಬ ಹುಡುಕಿದ ಧೂಳು ಅಲ್ಲಿತ್ತು.

“ಏನ್ ಮಾಡಾಕತ್ತಿ?” ಎಂದೆ. ಎಷ್ಟೋ ಕಾಲದ ಮೇಲೆ ಅವನೊಂದಿಗೆ ಆಡಿದ ಮೊದಲ ಮಾತು, ಅದೂ ಜಗಳದ ದನಿಯಲ್ಲೇ ಬಂತು.

“ಕಾಣವಲ್ದೇನ?” ಎಂದ, ತಲೆ ಎತ್ತಲಿಲ್ಲ.

“ಫಿಲ್ಟರ್ ನನ್ನ ಪಾಲಿಂದಲ್ಲೇನ?”

“ಫಿಲ್ಟರ್ ನಿಂದು. ಧೂಳಾ ಯಾರ್ದಂತ ಹಿರ್ಯಾರು ಹೇಳಿಲ್ಲ.”

ನನಗೆ ಸಿಟ್ಟು ಬಂತು, ನಗುವೂ ಬಂತು; ಇಷ್ಟು ದಿನ ಕಟ್ಟೆಯ ಮೇಲೆ ನಾನು ಕೊಚ್ಚಿಕೊಂಡದ್ದೆಲ್ಲ ಇವನ ಕಿವಿಗೆ ಬಿದ್ದಿರಬೇಕು ಎಂದು ನಾಚಿಕೆಯೂ ಆಯಿತು.

“ನನ್ನ ವಾರದಾಗೂ ದಿನಾ ನೀನ ಯಾಕ ಮಾಡ್ತಿ?”

ಅಣ್ಣ ಪಂಪು ಕೆಳಗಿಟ್ಟ.

“ಎಂಜಿನ್ ಮಣ್ಣ ತಿಂದ್ರ ಗಾಡಿ ಹೋಗ್ತೈತಿ. ಗಾಡಿ ಹ್ವಾದ್ರ ನೀ ಈ ಶೆಡ್ಡಿಗೆ ಯಾಕ ಬರ್ತಿ?”

ಹೇಳಿ, ಫಿಲ್ಟರನ್ನು ನನ್ನ ಕೈಗೆ ಕೊಟ್ಟ.

“ಬಿಸಿಲಿಗೆ ಹಿಡದ ನೋಡ. ಕಾಗದ ಎಲ್ಲೆರ ತೂತ ಬಿದ್ದೈತೇನ. ನನಗ ಈಗೀಗ ಸಣ್ಣ ತೂತ ಕಾಣಂಗಿಲ್ಲ.”

ಆಗಷ್ಟೇ ಮೂಡುತ್ತಿದ್ದ ಸೂರ್ಯನ ಕಡೆ ಫಿಲ್ಟರು ಹಿಡಿದು, ಒಳಗೆ ಕಣ್ಣಿಟ್ಟು ನಿಂತೆ. ಕಣ್ಣಲ್ಲಿ ನೀರು ತುಂಬಿ ನನಗೂ ಏನೂ ಕಾಣಲಿಲ್ಲ.

“ಐತೇನಲೇ?” ಎಂದು ಅಣ್ಣ ಕೇಳಿದ.

“ತಡಿ ಅಣ್ಣಾ, ನೋಡಾಕತ್ತೇನಿ” ಎಂದೆ.