ಕಾಂತಪ್ಪನ ವಿಳಾಸ ಬರೆದವನು

ಸಂದೀಪನ ವಿಸಿಟಿಂಗ್ ಕಾರ್ಡಿನಲ್ಲಿ 'ಬರವಣಿಗೆ ವಿಭಾಗದ ಮುಖ್ಯಸ್ಥ' ಎಂದಿತ್ತು. ಆ ವಿಭಾಗದಲ್ಲಿ ಅವನ ಕೈಕೆಳಗೆ ಯಾರೂ ಇರಲಿಲ್ಲ, ಪಕ್ಕದಲ್ಲೂ ಇರಲಿಲ್ಲ. ಅಂಧೇರಿ ಪೂರ್ವದ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಾಳಿಗೆಯಲ್ಲಿ, ಶರಟಿನ ಗುಂಡಿ ಮಾಡುವವರಿಗೂ ರಟ್ಟಿನ ಡಬ್ಬ ಮಾಡುವವರಿಗೂ ನಡುವೆ ಸಿಕ್ಕಿಕೊಂಡ ಒಂದೇ ಕೋಣೆಯ ಕಂಪನಿ ಅದು. ಕೋಣೆಯಲ್ಲಿ ಇಬ್ಬರು: ನಡೆಸುವ ಲಾವಣ್ಯಾ, ಸಂಬಳ ತಗೊಳ್ಳುವ ಸಂದೀಪ. ಸಣ್ಣ ಹೋಟೆಲು, ಲಾಂಡ್ರಿ, ಮಸಾಲೆ ಅಂಗಡಿಗಳ ಬಗ್ಗೆ ಮೊಬೈಲಿನಲ್ಲಿ ನಾಲ್ಕು ಜನ ನೋಡುವ ಹಾಗೆ ಫೋಟೊ ತೆಗೆದು ಬರೆದು ಹಾಕುವುದು ಇವರ ಕಸುಬು.

ಲಾವಣ್ಯಾಳದ್ದು ಒಂದೇ ಕಟ್ಟುನಿಟ್ಟು. ಯಾವ ಅಂಗಡಿಯ ಬಗ್ಗೆ ಬರೆಯಬೇಕಾದರೂ ಒಂದು ವಾರ ಅಲ್ಲಿಗೆ ಗಿರಾಕಿಯಾಗಿ ಹೋಗಿ ಬರಬೇಕು. ಹೋಟೆಲಾದರೆ ತಿನ್ನಬೇಕು, ಲಾಂಡ್ರಿಯಾದರೆ ಬಟ್ಟೆ ಕೊಡಬೇಕು. ಈ ನಿಯಮವನ್ನು ಸಂದೀಪ ಎಷ್ಟು ಶ್ರದ್ಧೆಯಿಂದ ಪಾಲಿಸಿದನೆಂದರೆ, ಮೂರು ವರ್ಷಗಳಲ್ಲಿ ಕಂಪನಿಯಲ್ಲಿ ಬೆಳೆದದ್ದು ಅವನ ಹೊಟ್ಟೆ ಒಂದೇ.

ಆ ಹೊಟ್ಟೆಗೆ ಅತ್ಯಂತ ಪ್ರಿಯವಾದದ್ದು ವಿಲೆ ಪಾರ್ಲೆ ಸ್ಟೇಷನ್ ಹತ್ತಿರ ಚೆನ್ನಯ ಸೇಠರ ಹೋಟೆಲು. ಸಂಜೆ ನಾಲ್ಕಕ್ಕೆ ಅಲ್ಲಿ ಗೋಳಿಬಜೆ ಇಳಿಯುತ್ತಿತ್ತು. ಕಾಲೇಜಿನ ಮಕ್ಕಳು ಮೂರೂವರೆಗೇ ಬಂದು ಫುಟ್‌ಪಾತ್ ತುಂಬುತ್ತಿದ್ದರು. ಒಂದು ಪ್ಲೇಟಿನಲ್ಲಿ ಆರು. ಹೊರಗೆ ಕೆಂಪಗೆ ಗರಿಗರಿ, ಒಡೆದರೆ ಒಳಗೆ ಹತ್ತಿಯ ಹಾಗೆ ಬಲೆಬಲೆ, ಹುಳಿ ಮೊಸರಿನ ಚುರುಕು, ನಡುವೆ ಎಲ್ಲೋ ಹಲ್ಲಿಗೆ ಸಿಗುವ ಒಂದು ಚೂರು ತೆಂಗಿನಕಾಯಿ. ಸಂದೀಪ ಮೊದಲ ವಾರ ಕೆಲಸಕ್ಕೆಂದು ತಿಂದ. ಆಮೇಲಿನ ಎಪ್ಪತ್ತು ವಾರ ಏಕೆ ತಿಂದ ಎಂದು ಯಾರೂ ಕೇಳಲಿಲ್ಲ.

ಅದನ್ನು ಮಾಡುವವರು ಕಾಂತಪ್ಪ. ಹತ್ತೊಂಬತ್ತು ವರ್ಷದಿಂದ ಅದೇ ಬಾಣಲೆ ಮುಂದೆ ನಿಂತವರು. ಗಿರಾಕಿಗಳಲ್ಲಿ ಒಬ್ಬರೂ ಅವರ ಮುಖ ನೋಡಿದವರಲ್ಲ. ಅಡುಗೆಮನೆಯ ಬಾಗಿಲಿಗೆ ಚೆನ್ನಯ ಸೇಠರು ದಪ್ಪ ಪರದೆ ಹಾಕಿದ್ದರು. ಕಾಂತಪ್ಪ ಬರುವುದು ಹೋಗುವುದು ಹಿತ್ತಿಲ ಬಾಗಿಲಿನಿಂದ. ಒಳ್ಳೆಯ ಅಡುಗೆಯವನನ್ನು ಬೇರೆ ಹೋಟೆಲಿನವರ ಕಣ್ಣಿಗೆ ಬೀಳಿಸಬಾರದೆಂಬುದು ಮುಂಬೈಯ ಉಡುಪಿ ಹೋಟೆಲಿನವರಿಗೆ ಹೊಸದಾಗಿ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಸಂದೀಪನಿಗಂತೂ ಅಲ್ಲವೇ ಅಲ್ಲ. ಅವನ ಅಪ್ಪ ಮೂವತ್ತು ವರ್ಷ ಸಾಂತಾಕ್ರೂಸಿನ ಹೋಟೆಲೊಂದರ ಗಲ್ಲಾದಲ್ಲಿ ಕೂತವರು. ಮನೆಯಲ್ಲಿ ಊಟಕ್ಕೆ ಕೂತಾಗಲೂ ತಮ್ಮ ಹೋಟೆಲಿನ ಅಡುಗೆಯವನ ಹೆಸರು ಬಾಯಿ ಬಿಡುತ್ತಿರಲಿಲ್ಲ.

ಆದರೂ ಸಂದೀಪ ಬರೆದ.

'ಪರದೆಯ ಹಿಂದಿನ ಕೈ' ಎಂದು ತಲೆಬರಹ. ಕಾಂತಪ್ಪನ ಮುಖದ ದೊಡ್ಡ ಫೋಟೊ: ಹಣೆಯ ಮೇಲೆ ಬೆವರು, ಬಾಣಲೆಯ ಹೊಗೆ, ಕಣ್ಣಲ್ಲಿ ಎಣ್ಣೆಯ ಹೊಳಪು. ಸೇಠರು ಊರಿಗೆ ಹೋಗಿದ್ದ ವಾರ ನೋಡಿ, ಹಿತ್ತಿಲ ಬಾಗಿಲಲ್ಲಿ ನಿಂತು ಅವರನ್ನು ಒಪ್ಪಿಸಿ ತೆಗೆದ ಫೋಟೊ. ಜತೆಗೆ ಮನಸ್ಸು ಕರಗುವಂಥ ನಾಲ್ಕು ಪ್ಯಾರಾ. ಓದುವವರ ಕಣ್ಣಿಗೆ ಕಟ್ಟಬೇಕೆಂದು ವಿವರ ತುಂಬಿದ: ಜೋಗೇಶ್ವರಿ ಪೂರ್ವದ ಚಾಳಿನಲ್ಲಿ ಒಂಟಿ ಕೋಣೆ, ಮಂಗಳವಾರ ರಜೆ, ರಜೆಯ ದಿನ ಬೆಳಿಗ್ಗೆ ಹತ್ತಕ್ಕೆ ಚಾಳಿನ ಬಾಯಲ್ಲಿರುವ ಚಹಾದಂಗಡಿಯ ಬೆಂಚಿನ ಮೇಲೆ ಕನ್ನಡ ಪೇಪರ್ ಬಿಡಿಸಿ ಕೂರುವ ಏಕೈಕ ಮನುಷ್ಯ. ಅಡುಗೆಯವರನ್ನು ಕದಿಯಬೇಕೆಂದಿರುವ ಹೋಟೆಲಿನವನಿಗೆ ಇದಕ್ಕಿಂತ ಚೊಕ್ಕವಾದ ನಕಾಶೆಯನ್ನು ಬೇರೆ ಯಾರೂ ಬರೆದುಕೊಟ್ಟಿರಲಾರರು.

ಗುರುವಾರ ಹಾಕಿದ. ಶುಕ್ರವಾರ ಅರವತ್ತು ಸಾವಿರ ಜನ ನೋಡಿದರು. ಲಾವಣ್ಯಾ, "ಅರೆ ಯಾರ್, ಸಂದೀಪ್, ತೂ ತೋ ರೈಟರ್ ನಿಕ್ಲಾ!" ಎಂದಳು. ಸಂದೀಪ ನಾಲ್ಕು ದಿನ ರೈಟರಾಗಿ ಓಡಾಡಿದ. ಬುಧವಾರ ಕಾಂತಪ್ಪ ಕೆಲಸಕ್ಕೆ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಚೆಂಬೂರಿನ ರೋಶನ್ ಎಂಬ ಹೊಸ ಹೋಟೆಲಿನವನು ಅದೇ ಬೆಂಚಿನ ಮೇಲೆ, ಅದೇ ಪೇಪರಿನ ಪಕ್ಕ ಬಂದು ಕೂತಿದ್ದನಂತೆ.

ಚೆನ್ನಯ ಸೇಠರು ಸಂದೀಪ, ಲಾವಣ್ಯಾ ಇಬ್ಬರನ್ನೂ ಗಲ್ಲಾದ ಎದುರು ನಿಲ್ಲಿಸಿದರು. ಕೂರಲು ಹೇಳಲಿಲ್ಲ. ನೀರು ಕೂಡ ಬರಲಿಲ್ಲ.

"ನೀನು ಯಾರ ಮಗ?"

ಸಂದೀಪ ಅಪ್ಪನ ಹೆಸರು ಹೇಳಿದ.

"ಗಲ್ಲಾದಲ್ಲಿ ಕೂತವನ ಮಗ ಆಗಿ ಇಂಥ ಕೆಲಸ ಮಾಡಿದೆಯಲ್ಲ ಮಾರಾಯ! ಹೊರಗಿನವ ಮಾಡಿದ್ರೆ ಬುದ್ಧಿ ಇಲ್ಲ ಅಂತ ಬಿಡಬಹುದಿತ್ತು. ನನ್ನ ಹೋಟೆಲಿಗೆ ಜನ ಬರ್ಲಿ ಅಂತ ನಿಮ್ಮನ್ನು ಇಟ್ಟುಕೊಂಡೆ. ನೀವು ನನ್ನ ಹೋಟೆಲಿನಿಂದ ಜನ ಕಳಿಸಿದಿರಿ."

"ಅಂಕಲ್, ಅದು ಹ್ಯೂಮನ್ ಸ್ಟೋರಿ..." ಲಾವಣ್ಯಾ ಬಾಯಿ ತೆರೆದಳು.

"ಯಾವ ಸ್ಟೋರಿ ಅಮ್ಮ? ನಾನೇನು ನಿಮ್ಮತ್ರ ಕಾಂತಪ್ಪನಿಗೆ ಹೆಣ್ಣು ಹುಡುಕ್ಲಿಕ್ಕೆ ಹೇಳಿದ್ದೆನಾ, ಮುಖ ತೋರಿಸಿ ವಿಳಾಸ ಹಾಕ್ಲಿಕ್ಕೆ?" ಸೇಠರು ಮೊಬೈಲ್ ಮೇಜಿನ ಮೇಲೆ ಕುಕ್ಕಿದರು. "ಭಾನುವಾರ ಸಂಜೆ ನಾಲ್ಕಕ್ಕೆ ಅವ ಬಾಣಲೆ ಮುಂದೆ ಇರಬೇಕು. ಇಲ್ಲದಿದ್ರೆ ನಮ್ಮ ಹೋಟೆಲಿನವರ ಗ್ರೂಪಿನಲ್ಲಿ ಒಂದೇ ಸಾಲು ಬರೀತೇನೆ. ನನಗೂ ಬರೀಲಿಕ್ಕೆ ಬರ್ತದೆ."

ಆ ಒಂದು ಸಾಲಿನ ತೂಕ ಇಬ್ಬರಿಗೂ ಗೊತ್ತಿತ್ತು. ಕಂಪನಿಗಿದ್ದದ್ದು ಏಳು ಗಿರಾಕಿಗಳು. ಅದರಲ್ಲಿ ಐದು ಆ ಗ್ರೂಪಿನ ಹೋಟೆಲುಗಳು. ಅವು ಹೋದರೆ ಉಳಿಯುವುದು ಒಂದು ಲಾಂಡ್ರಿ, ಒಂದು ಮಸಾಲೆ ಅಂಗಡಿ. ಅಂಧೇರಿಯ ಕೋಣೆ ಮುಚ್ಚಿಹೋಗುತ್ತಿತ್ತು.

ಮೆಟ್ಟಿಲಿಳಿಯುವಾಗ ಲಾವಣ್ಯಾ ಕನ್ನಡದಲ್ಲೇ ಹೇಳಿದಳು. ಸಿಟ್ಟು ಬಂದಾಗ ಮಾತ್ರ ಅವಳ ಕನ್ನಡ ನೆಟ್ಟಗಾಗುತ್ತಿತ್ತು. "ನೀನು ಬರೆದದ್ದು. ನೀನೇ ಕರ್ಕೊಂಡು ಬಾ."

ಮೆಟ್ರೊದಲ್ಲಿ ಘಾಟ್ಕೋಪರ್‌ಗೆ, ಅಲ್ಲಿಂದ ರಿಕ್ಷಾದಲ್ಲಿ ಚೆಂಬೂರಿಗೆ ಹೋದ ಸಂದೀಪ ಇಳಿದ ಕೂಡಲೇ ಕಂಡದ್ದು ತಾನೇ ತೆಗೆದ ಫೋಟೊ. ಹತ್ತಡಿ ಎತ್ತರದ ಫ್ಲೆಕ್ಸಿನಲ್ಲಿ ಕಾಂತಪ್ಪನ ಬೆವರು ಒಂದೊಂದು ಹನಿಯೂ ನಿಂಬೆಹಣ್ಣಿನಷ್ಟು ದೊಡ್ಡದಾಗಿತ್ತು. ಕೆಳಗೆ ಅವನೇ ಬರೆದ ತಲೆಬರಹ. ಫ್ಲೆಕ್ಸಿನ ಅಡಿಯಲ್ಲಿ ಗಾಜಿನ ಕೋಣೆ. ಗಾಜಿನ ಹಿಂದೆ ನಿಜವಾದ ಕಾಂತಪ್ಪ, ತಲೆಗೊಂದು ಬಿಳಿ ಟೊಪ್ಪಿ, ಮುಂದೆ ಒಂದು ಅಂಗೈಯಗಲದ ಬಾಣಲೆ. ಹತ್ತು ಹನ್ನೆರಡು ಜನ ಮೊಬೈಲ್ ಎತ್ತಿ ವಿಡಿಯೊ ತೆಗೆಯುತ್ತಿದ್ದರು. ಮೃಗಾಲಯದ ಹುಲಿಗಾದರೂ ಮೂಲೆಯಲ್ಲಿ ಒಂದು ಗುಹೆ ಇರುತ್ತದೆ.

ಕಾಂತಪ್ಪ ಅವನನ್ನು ಹಿಂಬದಿಯ ಓಣಿಗೆ ಕರೆದರು. ಕುಶಲ ಕೇಳಲೆಂದು ಅಲ್ಲ.

"ಬಂದೆಯಾ ಪುಣ್ಯಾತ್ಮ! ಇನ್ನೆಂತ ಬಾಕಿ ಉಂಟು? ನನ್ನ ರೇಶನ್ ಕಾರ್ಡಿನ ಫೋಟೊ ಬೇಕಾ?"

"ಕಾಂತಪ್ಪಣ್ಣ, ತಪ್ಪಾಯ್ತು. ವಾಪಸ್ ಬನ್ನಿ."

"ಎಲ್ಲಿಗೆ? ಅಲ್ಲಿ ಹತ್ತೊಂಬತ್ತು ವರ್ಷ ನನಗೆ ಹೆಸರೇ ಇರಲಿಲ್ಲ. 'ಏಯ್ ಬಾಣಲೆ, ಏಯ್ ಒಳಗೆ' ಅಂತ ಕರೆಯುವುದು. ಇಲ್ಲಿ ಹೆಸರು ಉಂಟು, ಕೈಯೇ ಓಡುವುದಿಲ್ಲ. ಒಂದು ಹುಡುಗಿ, 'ಅಂಕಲ್, ಸ್ಲೋ ಮೋಶನ್‌ನಲ್ಲಿ ಬಿಡಿ' ಅಂತಾಳೆ. ಎಣ್ಣೆಗೆ ಹಿಟ್ಟು ಸ್ಲೋ ಮೋಶನ್‌ನಲ್ಲಿ ಬಿಡುವುದು ಹೇಗೆ ಮಾರಾಯ, ನೀನೇ ತೋರಿಸು!" ಅವರು ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು. "ಧಣಿ ಕರೆಯಲಿ. ಅವರ ಬಾಯಲ್ಲಿ, ನನ್ನ ಹೆಸರು ಹಿಡಿದು. ಆಗ ನೋಡುವ."

ಚೆನ್ನಯ ಸೇಠರಿಗೆ ಇದನ್ನು ಮುಟ್ಟಿಸಿದಾಗ ಅವರು ಗಲ್ಲಾದಿಂದ ಎದ್ದೇ ಬಿಟ್ಟರು. "ಅನ್ನ ಹಾಕಿದವ ನಾನು! ನಾನು ಕರೆಯಬೇಕಾ?"

ಅನ್ನ ಬೇಯಿಸಿದವರು ಕಾಂತಪ್ಪ ಅಲ್ಲವೇ ಎಂದು ಸಂದೀಪನಿಗೆ ಅನ್ನಿಸಿತು. ಅನ್ನಿಸಿದ್ದನ್ನು ನುಂಗಿದ. ಬರೆಯುವವನಿಗೆ ಧೈರ್ಯ ಬರುವುದು ಎದುರಿಗೆ ಯಾರೂ ಇಲ್ಲದಾಗ ಮಾತ್ರ. ಹಾಗಾಗಿ ಆಫೀಸಿಗೆ ಹೋಗಿ, ಸೇಠರ ಹೆಸರಿನಲ್ಲಿ ತಾನೇ ಒಂದು ಸಂದೇಶ ಬರೆದು, ಸೇಠರು ಹೇಳಿ ಬರೆಸಿದ್ದೆಂದು ಕಾಂತಪ್ಪನಿಗೆ ಕಳಿಸಿದ. 'ಪ್ರಿಯ ಕಾಂತಪ್ಪ, ನೀವಿಲ್ಲದ ಅಡುಗೆಮನೆ ನನಗೆ ಬರಿದಾಗಿ ಕಾಣುತ್ತಿದೆ' ಎಂದು ಶುರು.

ಎರಡು ನಿಮಿಷದಲ್ಲಿ ಫೋನು ಬಂತು. ಆ ಕಡೆ ಕಾಂತಪ್ಪ ನಗುತ್ತಿದ್ದರು. ಕೇಳಿದರೆ ಮೈ ಉರಿಯುವಂಥ ನಗು. "ಧಣಿ ಒಂದು ದಿನ ಇಷ್ಟು ಚಂದ ಮಾತಾಡಿದ್ದರೆ ನಾನು ಅವತ್ತೇ ಹೆದರಿ ಓಡಿಹೋಗ್ತಿದ್ದೆ. ಏನು ಮಾರಾಯ, ಬೈಗಳು ಕೂಡ ಬರೆಯಲಿಕ್ಕೆ ಬರುವುದಿಲ್ಲ ನಿನಗೆ!" ಫೋನಿಟ್ಟರು.

ಶುಕ್ರವಾರ ವಿಲೆ ಪಾರ್ಲೆಯಲ್ಲಿ ಇನ್ನೊಬ್ಬ ಅಡುಗೆಯವ ಗೋಳಿಬಜೆ ಮಾಡಿದ. ಮಕ್ಕಳು ಪ್ಲೇಟಿನಲ್ಲಿ ಮೂರು ಮೂರು ಬಿಟ್ಟು ಎದ್ದರು. ಸೇಠರು ಆ ಎಂಜಲು ಪ್ಲೇಟುಗಳನ್ನು ಒಂದೊಂದಾಗಿ ನೋಡಿದ್ದನ್ನು ಫುಟ್‌ಪಾತಿನಲ್ಲಿ ನಿಂತ ಸಂದೀಪ ಕಂಡ. ಶನಿವಾರ ಮಧ್ಯಾಹ್ನ ಅವರೇ ಫೋನ್ ಮಾಡಿದರು. "ರಿಕ್ಷಾ ಹಿಡಿ. ಸುಮ್ಮನೆ ನೋಡಿ ಬರುವ. ಮಾತಾಡ್ಲಿಕ್ಕೆ ಅಲ್ಲ, ತಿಳೀತಾ?"

ಚೆಂಬೂರು ಮುಟ್ಟುವ ತನಕ ಸೇಠರು ರಿಕ್ಷಾದವನನ್ನು ಬೈದರು, ಸಿಗ್ನಲ್ಲನ್ನು ಬೈದರು, ನಡುನಡುವೆ ಸಂದೀಪನ ಹೊಟ್ಟೆಯನ್ನು ಬೈದರು. ಫ್ಲೆಕ್ಸಿನ ಕೆಳಗೆ ಇಳಿದು ತಲೆ ಎತ್ತಿ ನೋಡಿದರು. ಗಾಜಿಗೆ ಬೆನ್ನು ಹಾಕಿ ಕೂತು ಒಂದು ಪ್ಲೇಟ್ ತರಿಸಿ, ಒಂದನ್ನು ಒಡೆದು ಬಾಯಿಗಿಟ್ಟರು. ಅಗಿಯುವುದು ನಿಂತಿತು.

"ಹುಳಿ ಎಲ್ಲಿ?" ಇಡೀ ಹೋಟೆಲಿಗೆ ಕೇಳಿತು.

ಗಾಜಿನ ಹಿಂದಿನಿಂದ, ತಿರುಗದೆಯೇ, ಉತ್ತರ ಬಂತು. "ಮೊಸರು ಇಲ್ಲಿ ಫ್ರಿಜ್ಜಿನಲ್ಲಿ ಇಡ್ತಾರೆ."

"ಇಡ್ತಾರಂತೆ! ಇದು ಗೋಳಿಬಜೆಯಾ? ಮಕ್ಕಳು ಆಡುವ ರಬ್ಬರ್ ಚೆಂಡು!"

"ಬಾಣಲೆ ನೋಡಿದಿರಾ? ಅದರಲ್ಲಿ ನಾಲ್ಕು ಸಾಸಿವೆ ಸಿಡಿಸಬಹುದು ಅಷ್ಟೆ."

"ಬಾಣಲೆಗೆ ಬೈಬೇಡ! ಫ್ರಿಜ್ಜಿನ ಮೊಸರಿಗೆ ಮೈದಾ ಕಲಸ್ಲಿಕ್ಕೆ ನಿನಗೆ ಕೈ ಹೇಗೆ ಬಂತು ಕಾಂತಪ್ಪ? ನಾಚಿಕೆ ಆಗ್ಲಿಲ್ವಾ ಕಾಂತಪ್ಪ ನಿನಗೆ?"

ಕಾಂತಪ್ಪ ಎಣ್ಣೆಯಿಂದ ಬಜೆ ಎತ್ತುವ ಜಾರಾ ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಮೊದಲ ಸಲ ತಿರುಗಿದರು. ಎದ್ದು ನಿಂತಿದ್ದ ಸೇಠರ ಮುಖ ಕೆಂಪಾಗಿತ್ತು. ತಾವೇನು ಅಂದೆವೆಂಬುದು ಅವರಿಗೆ ಗೊತ್ತಾದಂತಿರಲಿಲ್ಲ. ಮುಂದಿನ ಹತ್ತು ನಿಮಿಷ ಇಬ್ಬರೂ ತುಳುವಿನಲ್ಲಿ ಜಗಳವಾಡಿದರು. ಹಳೆಯ ಗ್ಯಾಸ್ ಒಲೆ, ಯಾವುದೋ ಗಣೇಶ ಚೌತಿಯಂದು ಕೊಡದ ರಜೆ, ಅರ್ಧ ಡಬ್ಬ ಹಾಳಾದ ಎಣ್ಣೆ, ಎಲ್ಲವೂ ಬಂತು. ಜನ ವಿಡಿಯೊ ತೆಗೆಯುತ್ತಲೇ ಇದ್ದರು. ಕೊನೆಗೆ ಕಾಂತಪ್ಪ ಬಾಣಲೆಯಲ್ಲಿದ್ದದ್ದನ್ನು ಎತ್ತಿ, ಒಲೆ ಆರಿಸಿ, ಟೊಪ್ಪಿಯನ್ನು ಬಾಣಲೆಯ ಪಕ್ಕ ಇಟ್ಟು ಹೊರಬಂದರು.

ಒಳಗಿನಿಂದ ರೋಶನ್ ಓಡಿಬಂದ. ಕಾಂತಪ್ಪನನ್ನು ಬೈಯಲು ಧೈರ್ಯವಿರಲಿಲ್ಲ. ಸೇಠರ ವಯಸ್ಸು ನೋಡಿ ಅವರನ್ನೂ ಬಿಟ್ಟ. ಸಂದೀಪನ ಕಾಲರಿಗೆ ಕೈ ಹಾಕಿದ. "ನೀವೇ ಬರೀತೀರಿ, ನೀವೇ ಎತ್ತಿಕೊಂಡು ಹೋಗ್ತೀರಿ! ಇದೇನಾ ನಿಮ್ಮ ಧಂದಾ?"

ಬಿಡಿಸಲು ಯಾರೂ ಬರಲಿಲ್ಲ. ರೋಶನ್ ಬೇಸತ್ತು ತಾನೇ ಬಿಟ್ಟ.

"ಬರ್ತೇನೆ," ಕಾಂತಪ್ಪ ಸೇಠರಿಗೆ ಹೇಳಿದರು. "ಒಂದು ಮಾತು. ಈ ಬರೆಯುವವ ಇನ್ನು ನಮ್ಮ ಹೋಟೆಲಿನ ಮೆಟ್ಟಿಲು ಹತ್ತಬಾರದು. ತಿನ್ನಲಿಕ್ಕೂ."

"ತಿನ್ನಲಿಕ್ಕೂ," ಎಂದು ಸೇಠರು ಒಪ್ಪಿದರು. ಆ ವಾರದಲ್ಲಿ ಅವರಿಬ್ಬರೂ ಜಗಳವಿಲ್ಲದೆ ಒಪ್ಪಿದ್ದು ಇದೊಂದನ್ನೇ. ರಿಕ್ಷಾ ಹತ್ತಿ ಹೊರಟೇಹೋದರು. ಮೂರನೆಯವನಿಗೆ ಜಾಗವಿತ್ತು, ಕರೆಯಲಿಲ್ಲ.

ಭಾನುವಾರ ನಾಲ್ಕಕ್ಕೆ ವಿಲೆ ಪಾರ್ಲೆಯಲ್ಲಿ ಗೋಳಿಬಜೆ ಇಳಿಯಿತು. ಸೇಠರು ಕಂಪನಿಯ ಜತೆಗಿನ ತಮ್ಮ ವ್ಯವಹಾರ ಕಡಿದುಹಾಕಿದರು. ಆದರೆ ಮಾತಿಗೆ ತಪ್ಪಲಿಲ್ಲ; ಗ್ರೂಪಿನಲ್ಲಿ ಇವರನ್ನು ಕೆಲಸದಿಂದ ಬಿಡಿಸಿರೆಂದು ಬರೆಯಲಿಲ್ಲ. ಬರೆದದ್ದು ಇಷ್ಟೇ: 'ಇವರು ಬರೆದರೆ ಜನ ಬರ್ತಾರೆ. ಅಡುಗೆಮನೆ ಬಾಗಿಲು ಹಾಕಿಕೊಂಡು ಬರೆಸಿ.'

ಇದು ಬೈಗಳೋ ಶಿಫಾರಸೋ ಎಂದು ಲಾವಣ್ಯಾ ಎರಡು ದಿನ ತಲೆ ಕೆಡಿಸಿಕೊಂಡಳು. ಉಳಿದ ನಾಲ್ಕು ಹೋಟೆಲಿನವರು ಉಳಿದರು. ಬುಧವಾರ ಹೊಸದೊಂದು ಫೋನು ಬಂತು. ಅಂಧೇರಿ ಸ್ಟೇಷನ್ ಪಕ್ಕದ ಹೋಟೆಲು, ಸೇಠರ ಗ್ರೂಪಿನವರೇ, ಶಾಂತಪ್ಪ ಎಂಬವರು.

ಸಂದೀಪ ನೋಟ್‌ಬುಕ್ ಹಿಡಿದು ಅವರ ಗಲ್ಲಾದೆದುರು ಕೂತ. ಶಾಂತಪ್ಪ ಅವನನ್ನು ಅಡಿಯಿಂದ ಮುಡಿತನಕ ನೋಡಿದರು. ಪೊಲೀಸು ಠಾಣೆಯಲ್ಲೂ ಹಾಗೆ ನೋಡುವುದಿಲ್ಲ.

"ಏನು ಬರೀಬೇಕು ಸೇಠರೆ? ದೋಸೆಯ ಬಗ್ಗೆಯಾ?"

"ದೋಸೆ ಬಗ್ಗೆ ಬರೀರಿ. ಚಟ್ನಿ ಬಗ್ಗೆ ಬರೀರಿ. ಬೇಕಾದ್ರೆ ಮೇಜಿನ ಬಗ್ಗೆ ಬರೀರಿ."

"ಎಷ್ಟು ವರ್ಷದಿಂದ ಒಬ್ಬರದ್ದೇ ಕೈರುಚಿ?" ಬಾಯಿ ತಪ್ಪಿ ಬಂತು.

ಒಳಗೆ ಕಾವಲಿಯ ಮೇಲೆ ಯಾರೋ ನೀರು ಚಿಮುಕಿಸಿದ ಚೊಂಯ್ ಸದ್ದು. ಶಾಂತಪ್ಪ ಕದಲಲಿಲ್ಲ.

"ನಮ್ಮಲ್ಲಿ ಅಡುಗೆಯವರು ಯಾರೂ ಇಲ್ಲ," ಎಂದರು.

ಸಂದೀಪ ತಲೆ ತಗ್ಗಿಸಿ ಹಾಗೆಯೇ ಬರೆದುಕೊಂಡ.