ಮೋಸೆಸ್ ಕಾಕಾ ಬಿಚ್ಚಿದ ಹಲಗೆಗಳು

ನಮ್ಮೂರ ತೂಗುಸೇತುವೆಗೆ ಇಪ್ಪತ್ತೈದು ವರ್ಷ ತುಂಬಿದಾಗ ಅದರ ಚರಿತ್ರೆ ಬರೆದುಕೊಡಿ ಎಂದು ಸೇತುವೆಯ ಕಚೇರಿಯವರು ನನ್ನನ್ನು ಕೇಳಿದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು, ತಪ್ಪಿಲ್ಲದೆ ಬರೆಯುತ್ತಾಳೆ, ಮೇಲಾಗಿ ಪುಕ್ಕಟೆ ಬರೆಯುತ್ತಾಳೆ ಎಂದು ಅವರ ಲೆಕ್ಕ. ನಾನು ಒಂಬತ್ತು ಪುಟ ಬರೆದುಕೊಟ್ಟೆ. ಸ್ಮರಣ ಸಂಚಿಕೆಯಲ್ಲಿ ಅಚ್ಚಾದದ್ದು ಎರಡು. ಅಡಿಗಲ್ಲು ಇಟ್ಟವರು ಯಾರು, ರಿಬ್ಬನ್ ಕತ್ತರಿಸಿದವರು ಯಾರು, ಯಾವ ಸಿನಿಮಾದವರು ಬಂದು ಹಾಡು ತೆಗೆದರು, ಎಲ್ಲ ಅದರಲ್ಲಿದೆ. ಕತ್ತರಿಗೆ ಸಿಕ್ಕ ಏಳು ಪುಟಗಳಲ್ಲಿ ನನ್ನ ಅಪ್ಪನ ತಮ್ಮ ಮೋಸೆಸ್ ಕಾಕಾ ಇದ್ದ. ಕತ್ತರಿಸಿದವರಿಗೆ ನಾಚಿಕೆಯಿಲ್ಲ, ನನಗೆ ಸಿಟ್ಟು ಇಳಿದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನವನಗರ ದಾಟಿ ಎಡಕ್ಕೆ ಹೊರಳಿದರೆ ಮಡ್ಡಿಕೆರೆ. ಕೆರೆಯ ಮೇಲೆ ಸೇತುವೆ. ಹುಬ್ಬಳ್ಳಿಯವರು ಅದು ನಮ್ಮದು ಎನ್ನುತ್ತಾರೆ, ಧಾರವಾಡದವರು ತಮ್ಮದು ಎನ್ನುತ್ತಾರೆ. ಅವಳಿ ನಗರದ ಚಿತ್ರ ಬೇಕೆಂದರೆ ಎಲ್ಲರೂ ಹಾಕುವುದು ಅದನ್ನೇ. ಎರಡೂ ದಡದಲ್ಲಿ ಜೋಡಿ ಕಂಬ, ಕಂಬದಿಂದ ಕಂಬಕ್ಕೆ ತೋಳಿನಷ್ಟು ದಪ್ಪದ ಎರಡು ಉಕ್ಕಿನ ಹಗ್ಗ, ಅವುಗಳಿಂದ ಇಳಿಬಿದ್ದ ಎಂಬತ್ತೆಂಟು ಸಣ್ಣ ತಂತಿಹಗ್ಗ. ನಾವು ನಡೆಯುವ ಹಲಗೆಗಳು ತೂಗುವುದು ಈ ಸಣ್ಣ ಹಗ್ಗಗಳಲ್ಲಿ. ಎಂಬತ್ತೆಂಟನ್ನೂ ಕಟ್ಟಿದವನು ಮೋಸೆಸ್ ಕಾಕಾ. ಆಗ ಅವನು ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್, ವಯಸ್ಸು ಮೂವತ್ತೆಂಟು. ಮುಂದೆ ಕಾರ್ಖಾನೆ ಮುಚ್ಚಿತು. ಸೇತುವೆಯ ಕಚೇರಿಯವರು ಅವನನ್ನು ದಿನಗೂಲಿಗೆ ಇಟ್ಟುಕೊಂಡರು.

ಅವನ ಕೆಲಸದ ರೀತಿ ನೋಡಿ ಮಂದಿ ನಗುತ್ತಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಹೊರಡುತ್ತಿದ್ದ. ಎಡಗಡೆಯ ಹಗ್ಗಕ್ಕೊಂದು ಪೆಟ್ಟು, ಬಲಗಡೆಯ ಅದರ ಜೋಡಿಗೊಂದು ಪೆಟ್ಟು. ಎರಡೂ ಒಂದೇ ದನಿ ಕೊಡಬೇಕು. ಮಿಶನ್ ಚರ್ಚಿನ ಹಾಡುಗಾರರ ಕಾಯರ್‌ನಲ್ಲಿ ನಲವತ್ತು ವರ್ಷ ಬೇಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ದನಿ, ಹಾಡಿದ ಗಂಟಲು ಅವನದು. ಹಗ್ಗದ ದನಿಯನ್ನು ತಾನೂ ಹಿಡಿದು ‘ಹೂಂ’ ಎಂದು ಎಳೆಯುತ್ತಿದ್ದ, ಆಮೇಲೆ ಮುಂದಿನ ಜೋಡಿ. ದನಿ ಇಳಿದಿದ್ದರೆ ಹಗ್ಗ ಸಡಿಲಾಗಿದೆ, ಏರಿದ್ದರೆ ಪಕ್ಕದ್ದರ ಭಾರವೂ ಇದರ ತಲೆಗೆ ಬಿದ್ದಿದೆ.

“ಒಂದು ಮೈಗಳ್ಳ ಆದ್ರ ಬಾಜೂದು ಸಾಯತೈತಿ, ಫೇಬಿ. ನಮ್ಮ ಮನಷ್ಯಾರ ಗತೇನ” ಎಂದು ನನಗೆ ಹೇಳುತ್ತಿದ್ದ.

ಇಪ್ಪತ್ತೊಂದು ವರ್ಷ ಆ ಸೇತುವೆಯ ಒಂದು ನಟ್ಟೂ ಸಡಿಲಾಗಲಿಲ್ಲ. ನಾಲ್ಕು ವರ್ಷದ ಹಿಂದೆ ಕಚೇರಿಯವರು ಉಸ್ತುವಾರಿಯನ್ನು ಒಂದು ಕಂಪನಿಗೆ ಗುತ್ತಿಗೆ ಕೊಟ್ಟರು. ಕಂಪನಿಯವರು ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸುತ್ತಾರಂತೆ, ಕಿವಿಯ ಕೆಲಸ ಇಲ್ಲವಂತೆ. ನಾಳೆಯಿಂದ ಬರಬೇಡಿ ಎಂದು ಫೋನಿನಲ್ಲಿ ಹೇಳಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಫ್ಲೋರೆನ್ಸ್ ಕಾಕು ಆ ದಿನ ಬೈದದ್ದು ಕಂಪನಿಯನ್ನಲ್ಲ, ಗಂಡನನ್ನು. “ಊರಿಗೆ ಉಪಕಾರಿ, ಮನಿಗೆ ಮಾರಿ. ಕಾಯಂ ಮಾಡ್ರಿ ಅಂತ ಒಂದರ ಸರ್ತಿ ಬಾಯಿ ಬಿಟ್ಟು ಕೇಳಿದ್ದೇನ್ ನೀ?” 

ಬೆಳ್ಳಿಹಬ್ಬ ಬಂತು. ಸೇತುವೆಗೆ ಬಣ್ಣ, ಉದ್ದಕ್ಕೂ ಬಣ್ಣಬಣ್ಣದ ದೀಪ. ಜೊತೆಗೆ ಹಗ್ಗಗಳ ಕೆಳಗಿನ ಹಳೆಯ ಕ್ಲ್ಯಾಂಪುಗಳನ್ನೆಲ್ಲ ತೆಗೆದು ಫಳಫಳ ಹೊಳೆಯುವ ಹೊಸವನ್ನು ಹಾಕಿದರು. ಈ ಕ್ಲ್ಯಾಂಪಿನ ವಿಷಯ ಸ್ವಲ್ಪ ಹೇಳಬೇಕು, ಎಲ್ಲ ನಿಂತಿರುವುದು ಅದರ ಮೇಲೆ. ತಂತಿಹಗ್ಗ ಕೆಳಗೆ ಬಂದು ಒಂದು ಬಳೆಯನ್ನು ಸುತ್ತಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಮಡಚಿದ ತುದಿಯನ್ನೂ ಭಾರ ಹೊರುವ ಹಗ್ಗವನ್ನೂ ಸೇರಿಸಿ ಬಿಗಿಯುವುದು ಕ್ಲ್ಯಾಂಪು. ಅದರ ಒಂದು ಕಡೆ ಲಾಳದಂತೆ ಬಗ್ಗಿದ ಸರಳು, ಇನ್ನೊಂದು ಕಡೆ ಅಗಲವಾದ ಹಾಸು. ಭಾರ ಹೊರುವ ಹಗ್ಗ ಹಾಸಿನ ಕಡೆಗೇ ಇರಬೇಕು, ಕೆಲಸವಿಲ್ಲದ ತುದಿ ಲಾಳದ ಕಡೆಗೆ. ಉಲ್ಟಾ ಹಾಕಿದರೆ ಲಾಳ ಬಿಗಿದಷ್ಟೂ ಭಾರದ ಹಗ್ಗವನ್ನೇ ಕಚ್ಚಿ ಜಜ್ಜುತ್ತದೆ.

ಉಲ್ಟಾ ಹಾಕಿದ್ದರು. ಒಂದಲ್ಲ ಎರಡಲ್ಲ, ಎಲ್ಲವನ್ನೂ.

ಕಾಕಾ ಅದನ್ನು ನೋಡಿದ ದಿನ ಸಂಜೆಯೇ ನಮ್ಮ ಮನೆಗೆ ಬಂದ. ಚೀಲದಿಂದ ಒಂದು ಮೊಳ ತಂತಿಹಗ್ಗ, ಒಂದು ಕ್ಲ್ಯಾಂಪು ತೆಗೆದು ಟೇಬಲ್ ಮೇಲೆ ಇಟ್ಟ. “ಇಲ್ನೋಡ. ದುಡಿಯೂ ಎತ್ತಿನ ಕೊರಳಿಗೆ ಯಾರರ ಸರಳ ಬಿಗೀತಾರೇನ?” ಎಂದು ಶುರು ಮಾಡಿದ. ನಾನು ಆಗ ಬೆಳ್ಳಿಹಬ್ಬದ ಬ್ಯಾಂಡಿಗೆ ನಮ್ಮ ಶಾಲೆಯ ಮಕ್ಕಳ ಪಟ್ಟಿ ಬರೆಯುತ್ತಿದ್ದೆ. ಆರು ಶಾಲೆಯ ಮುನ್ನೂರು ಮಕ್ಕಳು ಎರಡೂ ದಡದಿಂದ ಡ್ರಮ್ ಬಾರಿಸುತ್ತ ಹೆಜ್ಜೆ ಹಾಕಿ ಸೇತುವೆಯ ನಡುವೆ ಕೂಡಬೇಕು ಎಂದು ಕಚೇರಿಯ ಯೋಜನೆ. ಕಾಕಾನ ಕಾಲದಲ್ಲಿ ಒಮ್ಮೆಗೆ ಅರವತ್ತು ಜನರಿಗಿಂತ ಹೆಚ್ಚು ಬಿಡುತ್ತಿರಲಿಲ್ಲ. ನಾನು ಪಟ್ಟಿಯಿಂದ ತಲೆ ಎತ್ತದೆ ಹೂಂಗುಟ್ಟಿದೆ. ಕೆಲಸ ಹೋದ ಸಂಕಟ, ಅದಕ್ಕೇ ಹೊಸದೆಲ್ಲ ತಪ್ಪು ಕಾಣುತ್ತದೆ ಎಂದುಕೊಂಡೆ. ಬೇರೆಯವರ ಮೇಲೆ ಸಿಟ್ಟು ಮಾಡುವ ಮುಂಚೆ ಇದನ್ನು ಬರೆದಿಡುವುದು ನ್ಯಾಯ.

ಮಾರನೆಯ ದಿನ ಅವನು ಕಚೇರಿಗೆ ಹೋದ. ಅಲ್ಲಿ ಕಂಪನಿಯ ಎಂಜಿನಿಯರ್ ಸಂಕೇತ ಇದ್ದ.

“ಕಾಕಾರ, ಅದು ಉಲ್ಟಾ ಅಲ್ರಿ, ಬೇಕಂತನ ತಿರುವಿ ಹಾಕಿಸೇವಿ” ಎಂದ ಸಂಕೇತ. “ಮದಲ ನಟ್ಟು ಒಳಗಿನ ಕಡೆ ಇದ್ದೂ. ಸೆಲ್ಫಿ ತಗೊಳ್ಳೋರ ಸೀರಿ, ದುಪಟ್ಟಾ ಸಿಗತಿದ್ದೂ. ಈಗ ನುಣುಪ ಭಾಗ ಒಳಗ ಬಂತು ನೋಡ್ರಿ.”

“ಸೀರಿ ಹರದ್ರ ಹೊಲೀಬಹುದು ಸಾಹೇಬ್ರ. ಹಗ್ಗ ಹರದ್ರ?”

“ಎಲ್ಲಾ ಫೋಟೋ ಮ್ಯಾಲೆ ಕಳಿಸೇವಿ, ಪಾಸ್ ಆಗೈತಿ. ನೀವು ಆರಾಮ ಇರ್ರಿ.”

ಈ ಎಂಜಿನಿಯರನಿಗೆ ಓದು ಇಲ್ಲವೇ? ಇದೆ. ಹಗ್ಗದ ಕ್ಲ್ಯಾಂಪು ಹೇಗೆ ಹಾಕಬೇಕೆಂದು ಅದು ಬಂದ ಪೆಟ್ಟಿಗೆಯ ಮೇಲೆಯೇ ಚಿತ್ರವಿತ್ತಂತೆ. ಪೆಟ್ಟಿಗೆಯನ್ನು ಬಿಸಾಡಿದ್ದರು.

ಕಾಕಾ ಅರ್ಜಿ ಬರೆದ. ತಲುಪಿತು ಎಂದು ಮುದ್ರೆ ಒತ್ತಿ ಕೊಟ್ಟರು. ಮತ್ತೊಂದು ಬರೆದ, ಮತ್ತೊಂದು ಮುದ್ರೆ. ಮೂರನೆಯದನ್ನು ಮೇಲಿನ ಸಾಹೇಬರಿಗೇ ಕೊಡಲು ಹೋಗಿ ಹೊರಗಿನ ಬೆಂಚಿನ ಮೇಲೆ ಎರಡು ದಿನ ಕೂತ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕಾಕಾ ತಪ್ಪು ಕಂಡ ದಿನದಿಂದ ಬೆಳ್ಳಿಹಬ್ಬದವರೆಗೆ ಹದಿನೆಂಟು ದಿನ, ಇಷ್ಟೂ ದಿನ ಸೇತುವೆ ಮುಚ್ಚಿರಲಿಲ್ಲ. ಸಂಜೆಯಾದರೆ ದೀಪ ನೋಡಲು ಜನ ಮಕ್ಕಳು ಮರಿ ಕಟ್ಟಿಕೊಂಡು ಬರುತ್ತಿದ್ದರು. ಕಾಕಾ ದಡದಲ್ಲಿ ನಿಂತು ನೋಡುತ್ತಿದ್ದ. ಸ್ಪ್ಯಾನರ್ ಹಿಡಿದು ಒಳಗೆ ಹೋಗಲು ಕಾವಲಿನವನು ಬಿಡುತ್ತಿರಲಿಲ್ಲ.

ಬೆಳ್ಳಿಹಬ್ಬ ಒಂದು ಭಾನುವಾರ, ಹನ್ನೊಂದು ಗಂಟೆಗೆ. ಅದಕ್ಕೂ ಮುಂಚೆ ಚರ್ಚು ಮುಗಿಸಿ ಮಕ್ಕಳನ್ನು ಸೇರಿಕೊಳ್ಳಬೇಕು ಎಂದು ನಾನು ಮೊದಲ ಆರಾಧನೆಗೆ ಹೋಗಿದ್ದೆ. ಕಾಯರ್ ಎದ್ದು ನಿಂತಿತು, ಹಾಡು ಶುರುವಾಯಿತು. ಸಂಗೀತ ಗೊತ್ತಿಲ್ಲದವರಿಗೂ ಏನೋ ಕೊರತೆ ತಿಳಿಯಿತು. ಬೇಸ್ ಇರಲಿಲ್ಲ. ಮೇಲಿನ ದನಿಗಳೆಲ್ಲ ಇವೆ, ಕೆಳಗೆ ಹಿಡಿಯುವವನಿಲ್ಲ. ನಲವತ್ತು ವರ್ಷದಲ್ಲಿ ಜ್ವರ ಬಂದಾಗಲೂ ತಪ್ಪಿಸದ ಮನುಷ್ಯ. ಫ್ಲೋರೆನ್ಸ್ ಕಾಕು ಹಿಂತಿರುಗಿ ನನ್ನನ್ನು ನೋಡಿದಳು.

ಹೊರಗೆ ಬಂದು, “ಬೆಳಿಗ್ಗೆ ಆರಕ್ಕ ಎದ್ದು ಬಿಳಿ ಅಂಗಿ ಹಾಕ್ಕೊಂಡು, ನಾ ಮುಂದ ಹೋಗಿರತೇನಿ ಅಂದ. ನನ್ನ ಊಟದ ಡಬ್ಬಿ ಯಾಕ ಒಯ್ದ ಅಂತ ತಿಳೀಲಿಲ್ಲವಾ” ಎಂದಳು. ಆಟೋ ಹಿಡಿದು ಮಡ್ಡಿಕೆರೆಗೆ ಹೋದೆವು.

ಸೇತುವೆಯ ಬಾಯಿಗೆ ಅಡ್ಡವಾಗಿ, ದಿನಾ ಅಲ್ಲೇ ಚುರುಮುರಿ ಗಿರ್ಮಿಟ್ ಮಾರುವ ಹನುಮವ್ವನ ಗಾಡಿ ನಿಂತಿತ್ತು. ಅವಳು ಸೊಂಟದ ಮೇಲೆ ಕೈ ಇಟ್ಟು ಪೊಲೀಸರಿಗೆ, “ಹೊಡೀರಿ, ಏನ ಹೊಡೀತೀರಿ. ಮೋಸೆಸ್ ಅಣ್ಣಾರ ತೋರ್ಸಿದ್ದನ್ನ ನಾನೂ ಕಣ್ಣಾರೆ ನೋಡೇನಿ” ಎಂದು ಕೂಗುತ್ತಿದ್ದಳು. ಅವಳ ಹಿಂದೆ ಸೇತುವೆಯ ಮೊದಲ ಹನ್ನೊಂದು ಹಲಗೆ ಇರಲಿಲ್ಲ. ಕೆಳಗೆ ನೀರು ಕಾಣುತ್ತಿತ್ತು. ಬಿಚ್ಚಿದ ಹಲಗೆಗಳನ್ನು ಕಾಕಾ ಒಂದರ ಮೇಲೊಂದು ಓರಣವಾಗಿ ಜೋಡಿಸಿದ್ದ, ಬೋಲ್ಟುಗಳೆಲ್ಲ ಕಾಕುವಿನ ಡಬ್ಬಿಯಲ್ಲಿದ್ದವು. ಕೆರೆ ಸುತ್ತಿಕೊಂಡು ಆಚೆ ದಡಕ್ಕೆ ಹೋಗಿ ಅಲ್ಲಿಯೂ ಹನ್ನೊಂದು ಬಿಚ್ಚಿ ಬಂದಿದ್ದ. ಕಾವಲಿನವನು ಬಂದದ್ದು ಎಲ್ಲ ಮುಗಿದ ಮೇಲೆ.

ಮಕ್ಕಳು ಬ್ಯಾಂಡಿನ ಉಡುಪು ಹಾಕಿಕೊಂಡು ಬಿಸಿಲಿನಲ್ಲಿ ನಿಂತಿದ್ದರು. ಕೆಲವರು ಅಳುತ್ತಿದ್ದರು. ಮೊದಲ ಸಾಲಿನಲ್ಲಿ ದೊಡ್ಡ ಡ್ರಮ್ ಹೊತ್ತವಳು ಹನುಮವ್ವನ ಮೊಮ್ಮಗಳು ಸಾನ್ವಿ, ನಮ್ಮ ಎಂಟನೆಯ ತರಗತಿಯವಳು. ಅವಳನ್ನು ಮೊದಲ ಸಾಲಿಗೆ ಆರಿಸಿದವಳು ನಾನು. “ಟೀಚರ್, ನಾವು ಬಾರಸೂದಿಲ್ಲೇನ್ರಿ?” ಎಂದಳು. ಪಾಲಕರು ಕಾಕಾನಿಗೆ ಬಾಯಿಗೆ ಬಂದದ್ದು ಬೈಯುತ್ತಿದ್ದರು. ನನಗೂ ಮೈ ಉರಿಯಿತು. ಅತಿಥಿಗಳ ಮುಂದೆ, ನನ್ನ ಮಕ್ಕಳ ಮುಂದೆ, ನನ್ನ ಮನೆತನದವನು!

“ಹಲಗಿ ಹಚ್ಚು ಕಾಕಾ. ಈಗಿಂದೀಗ ಹಚ್ಚು” ಎಂದು ಚೀರಿದೆ.

ಅವನು ನನ್ನ ಮುಂಗೈ ಹಿಡಿದು ಅಂಚಿಗೆ ಎಳೆದೊಯ್ದ, ದಡಕ್ಕೆ ಹತ್ತಿರದ ಮೊದಲ ಹಗ್ಗದ ಕ್ಲ್ಯಾಂಪಿನ ಕೆಳಗೆ ನನ್ನ ಬೆರಳು ಒತ್ತಿದ. ಚುರ್ ಎಂದಿತು. ಕೈ ಎಳೆದುಕೊಂಡರೆ ರಕ್ತ. ಲಾಳ ಕಚ್ಚಿದ ಕಡೆ ಹಗ್ಗ ಚಪ್ಪಟೆಯಾಗಿ ತಂತಿಗಳು ಕಡಿದು ಮುಳ್ಳಿನಂತೆ ಎದ್ದಿದ್ದವು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ನನಗೆ ಅದನ್ನು ಕಾಣಲು ಹದಿನೆಂಟು ದಿನ ಬೇಕಾಯಿತು.

ಸಂಕೇತನನ್ನು ಕರೆದೆ. ಅವನೂ ಬಗ್ಗಿ ನೋಡಿದ. ಅವನ ಮುಖದ ಬಣ್ಣ ಹೋಯಿತು. “ಮೇಡಂ, ಸಾಹೇಬ್ರು ಹೋಗೂತನಕ ಏನೂ ಮಾತಾಡಬ್ಯಾಡ್ರಿ” ಎಂದ. ಅಷ್ಟರಲ್ಲಿ ಪೊಲೀಸರು ಕಾಕಾನನ್ನು ಜೀಪಿಗೆ ಹತ್ತಿಸಿದರು. ನಾನು ಜೀಪಿನ ಹಿಂದೆ ಓಡಿದೆ. ನನ್ನ ಕೈಯಲ್ಲಿ ಫೋನ್ ಇತ್ತು. ಆ ಹಗ್ಗದ ಒಂದು ಫೋಟೋ ತೆಗೆಯಬೇಕೆಂದು ಹೊಳೆಯಲಿಲ್ಲ. ದೀಪಗಳ ಕೆಳಗೆ ನಿಂತು ಎಷ್ಟು ಸಾವಿರ ಫೋಟೋ ತೆಗೆದಿದ್ದಾರೆ ಈ ಊರಿನವರು! ಹಗ್ಗದ್ದು ಒಂದೂ ಇಲ್ಲ.

ಭಾಷಣಗಳು ದಡದ ಪೆಂಡಾಲಿನಲ್ಲೇ ನಡೆದವು. ಮಕ್ಕಳು ರಸ್ತೆಯ ಮೇಲೆ ಬಾರಿಸಿದರು. ಮಾರನೆಯ ದಿನದಿಂದ ಸೇತುವೆಯ ಎರಡೂ ಬಾಯಿಗೆ ತಗಡು ಬಡಿದರು. ನಾಲ್ಕು ದಿನ ಒಳಗೆ ಕೆಲಸ ನಡೆಯಿತು. ಕ್ಲ್ಯಾಂಪುಗಳೆಲ್ಲ ಸರಿಯಾಗಿ ತಿರುಗಿದವು, ಹದಿನೇಳು ಹಗ್ಗಗಳು ಹೊಸವಾದವು, ಹಳೆಯವು ಗುಜರಿಗೆ ಹೋದವು. ಐದನೆಯ ದಿನ ಕಚೇರಿಯ ಪ್ರಕಟಣೆ ಬಂತು: ಕಿಡಿಗೇಡಿಯೊಬ್ಬನಿಂದ ಆದ ಹಾನಿಯನ್ನು ತ್ವರಿತವಾಗಿ ಸರಿಪಡಿಸಲಾಗಿದೆ, ಸಾರ್ವಜನಿಕರು ಸಹಕರಿಸಬೇಕು. ಕಾಕಾನ ಮೇಲೆ ಸಾರ್ವಜನಿಕ ಆಸ್ತಿ ಹಾಳು ಮಾಡಿದ ಕೇಸು.

ವಕೀಲೆ ಶಾಯಿಸ್ತಾ ನನ್ನ ಹಳೆಯ ವಿದ್ಯಾರ್ಥಿನಿ. ಕಾಗದವೆಲ್ಲ ನೋಡಿ ನಿಟ್ಟುಸಿರು ಬಿಟ್ಟಳು. “ಸೇತುವಿ ಈಗ ಸರಿ ಐತ್ರಿ ಟೀಚರ್. ಕೋರ್ಟಿಗೆ ಏನ್ ತೋರ್ಸೂದು? ಅರ್ಜಿ ಅದಾವ ಖರೆ, ಆದ್ರ ಅರ್ಜಿ ಕೊಟ್ಟ ಮ್ಯಾಲೆ ಕಾಯಬೇಕಿತ್ತು ಅಂತಾರ. ಸಂಕೇತ ಅವರು ತಾವೇನೂ ನೋಡಿಲ್ಲ ಅಂತ ಬರದುಕೊಟ್ಟಾರ. ನೀವು ಮನಿಯವರು, ಹನುಮವ್ವಗ ಮದಲಿಂದ ಕಚೇರಿ ಜೋಡಿ ಜಗಳ. ಕಾಕಾರು ತಪ್ಪಾತು ಅಂದ್ರ ಸಣ್ಣ ದಂಡ ಹಾಕಿ ಬಿಡತಾರ.”

ಇದನ್ನೇ ನಾನು ಎಷ್ಟು ಸಲ ಯೋಚಿಸಿದರೂ ಸಮಾಧಾನವಾಗುವುದಿಲ್ಲ. ಸೇತುವೆ ಬಿದ್ದು ಮುನ್ನೂರು ಮಕ್ಕಳು ನೀರಿಗೆ ಹೋಗಿದ್ದರೆ ಕಾಕಾನ ಅರ್ಜಿಗಳು ಎಲ್ಲ ಪತ್ರಿಕೆಯಲ್ಲಿ ಬರುತ್ತಿದ್ದವು. ಅವನ ಮಾತು ಖರೆಯಾಗಲು ಹೆಣ ಬೇಕಾಗಿತ್ತು. ಹೆಣ ಬೀಳದಂತೆ ನೋಡಿಕೊಂಡ, ಅದಕ್ಕೆ ಅವನು ಕಿಡಿಗೇಡಿ.

ತಪ್ಪಾತು ಅಂದುಬಿಡು ಎಂದು ಕಾಕು ಕೈ ಮುಗಿದಳು. ನಾನೂ ಹೇಳಿದೆ. 

ಕೋರ್ಟಿನ ದಿನ ಅದೇ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ನ್ಯಾಯಾಧೀಶರು ಮೃದುವಾಗಿಯೇ ಕೇಳಿದರು: “ಹಲಗೆಗಳನ್ನು ಬಿಚ್ಚಿದ್ದು ನೀವೇ ಏನು?”

“ನಾನ ರೀ. ಇಪ್ಪತ್ತೆರಡು.”

“ಮಾಡಿದ್ದು ತಪ್ಪು ಎಂದು ಒಪ್ಪುತ್ತೀರಾ?”

ಶಾಯಿಸ್ತಾ ಒಪ್ಪಿಕೊಳ್ಳಿ ಎಂಬಂತೆ ಅವನತ್ತ ತಲೆಯಾಡಿಸಿದಳು. ಕಾಕಾ ಕಟಕಟೆಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆ ಬೇಸ್ ದನಿ ಕೋರ್ಟಿನ ಕೊನೆಯ ಬೆಂಚಿಗೂ ಕೇಳಿತು.

“ತಪ್ಪ ರೀ ಸಾಹೇಬ್ರ. ನೋಡಿದ ದಿನಾನ ಬಿಚ್ಚಬೇಕಿತ್ತು. ಅರ್ಜಿ ಬರ್ಕೋಂತ ಕುಂತೆ. ಹದಿನೆಂಟ ದಿನ ಕೂಸುಗಳ್ನ ಎತ್ಗೊಂಡು ಮಂದಿ ಅದರ ಮ್ಯಾಲೆ ಅಡ್ಡಾಡಿದ್ರು, ನಾ ನೋಡ್ಕೋಂತ ನಿಂತಿದ್ದೆ. ಅದು ನನ್ನ ತಪ್ಪು.”

ನ್ಯಾಯಾಧೀಶರು ಟೈಪಿಸ್ಟನ ಕಡೆ ತಿರುಗಿದರು. ಆಮೇಲೆ, ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ಟೈಪ್ ಮಾಡಿಕೊಂಡರು.