ಅಳತೆ ಕೊಡುವ ನೆಪ

ಟೈಲರಕ್ಕನ ತುಟಿಗಳ ನಡುವೆ ಸದಾ ಎರಡೋ ಮೂರೋ ಗುಂಡುಪಿನ್ನುಗಳು ಇರುತ್ತಿದ್ದವು. ಮಾತೆಲ್ಲ ಅವುಗಳ ಪಕ್ಕದಿಂದ, ಬಾಯಿಯ ಎಡಮೂಲೆಯಿಂದ ಹೊರಬರುತ್ತಿತ್ತು. ಹೊಸಬರಿಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಮುಖ್ಯವಾದದ್ದೇನಾದರೂ ಹೇಳುವುದಿದ್ದರೆ ಮಾತ್ರ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಸೆರಗಿನ ಅಂಚಿಗೆ ಚುಚ್ಚಿಕೊಂಡು, ಆಮೇಲೆ ಬಾಯಿ ತೆರೆಯುತ್ತಿದ್ದರು. ನಾಲ್ಕು ವರ್ಷ ಅವರ ಪಕ್ಕದ ಕೋಣೆಯಲ್ಲಿದ್ದ ನನಗೆ ಈ ಗುರುತು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೇಕಾದ ದಿನ ಉಪಯೋಗಕ್ಕೆ ಬರಲಿಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡಿಗೆ ಹತ್ತಿರದ ಕಟ್ಟಡವೊಂದರ ಮಹಡಿಯಲ್ಲಿ ನಾನು ಆಪ್ತಸಮಾಲೋಚನೆಯ ಕೋಣೆ ತೆರೆದಿದ್ದೆ. ಮೆಟ್ಟಿಲು ಹತ್ತಿದರೆ ಮೊದಲು ಅವರ ಹೊಲಿಗೆ ಅಂಗಡಿ, ಅದನ್ನು ದಾಟಿದರೆ ನನ್ನ ಬಾಗಿಲು. ಹೊಸ ಹುಮ್ಮಸ್ಸಿನಲ್ಲಿ ‘ಮಾನಸಿಕ ಆರೋಗ್ಯ ಸಮಾಲೋಚನಾ ಕೇಂದ್ರ’ ಎಂದು ಕೆಂಪು ಅಕ್ಷರದಲ್ಲಿ, ರಸ್ತೆಗೆಲ್ಲ ಕಾಣುವ ಹಾಗೆ ಬೋರ್ಡು ಹಾಕಿಸಿದ್ದೆ. ಎರಡು ತಿಂಗಳು ಒಂದು ನರಪಿಳ್ಳೆಯೂ ಬರಲಿಲ್ಲ. ಒಂದು ದಿನ ಟೈಲರಕ್ಕ ಪಿನ್ನು ತೆಗೆದರು.

“ಮೇಡಂ, ಆ ಬೋರ್ಡ್ ಇಳ್ಸಿ. ಅದನ್ನ ಓದ್ಕೊಂಡು ಎಲ್ರ ಎದ್ರು ಮೆಟ್ಲು ಹತ್ತೋ ಧೈರ್ಯ ಇದ್ದೋರಿಗೆ ನಿಮ್ಮ ಹತ್ರ ಬರೋ ಕೆಲ್ಸನೇ ಇರಲ್ಲ.”

ಓದಿದವಳೆಂಬ ಜಂಬಕ್ಕೆ ಏಟು ಬಿತ್ತು. ಆದರೂ ಬೋರ್ಡು ಇಳಿಸಿದೆ. ಆಮೇಲಿನದನ್ನೆಲ್ಲ ಅವರೇ ನೋಡಿಕೊಂಡರು. ನನ್ನಲ್ಲಿಗೆ ಬರುವವರು ಒಂದು ಪ್ಲಾಸ್ಟಿಕ್ ಕವರಿನಲ್ಲಿ ರವಿಕೆ ಬಟ್ಟೆ ಹಿಡಿದು ಬರಬೇಕು. ಯಾರಾದರೂ ಕೇಳಿದರೆ ಅಳತೆ ಕೊಡಲು ಹೊರಟಿದ್ದೇನೆ ಎಂದರೆ ಆಯಿತು. ಒಳಗಿನವರು ಹೊರಬರುವ ತನಕ ಮಿಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕಾಯುವುದು. ಅಷ್ಟರಲ್ಲಿ ಪರಿಚಯದವರು ಮೆಟ್ಟಿಲು ಹತ್ತಿದರೆ ಟೈಲರಕ್ಕ ನಿಜಕ್ಕೂ ಟೇಪು ತೆಗೆದು ಕಾಯುತ್ತಿದ್ದವರ ಭುಜ ಅಳೆಯತೊಡಗುತ್ತಿದ್ದರು. ಗಂಡಸರಿಗೆ ಪ್ಯಾಂಟು ಗಿಡ್ಡ ಮಾಡಿಸುವ ನೆಪ. ಮೇಷ್ಟ್ರೊಬ್ಬರು ಒಂದೇ ಪ್ಯಾಂಟನ್ನು ಆರು ವಾರ ತಂದರು. “ಇನ್ನೂ ಗಿಡ್ಡ ಮಾಡಿದ್ರೆ ಚಡ್ಡಿ ಆಗತ್ತೆ” ಎಂದು ಟೈಲರಕ್ಕ ಪಿನ್ನಿನ ಪಕ್ಕದಿಂದಲೇ ಗೊಣಗಿದ್ದರು.

ಹೀಗೆ ಜನ ಬಂದರು, ಆದರೆ ಕಾಲ ನೋಡಿ ಬಂದರು. ನಮ್ಮ ಕಡೆ ದುಃಖಕ್ಕೂ ಬಿಡುವು ಬೇಕು. ಜೂನ್ ಹಿಡಿದರೆ ಆಗಸ್ಟ್ ಮುಗಿಯುವವರೆಗೆ ಮಳೆ. ಮರ ಬಿದ್ದರೆ ಕೆರೆಕಟ್ಟೆ ಕಡೆಯ ಬಸ್ಸಿಲ್ಲ. ದೀಪಾವಳಿ ಕಳೆಯಿತೆನ್ನುವಾಗ ಅಡಿಕೆ ಕೊಯ್ಲು, ಸುಲಿತ. ಆಗ ಮನೆಯ ಹೆಂಗಸರಿಗೆ ಅಳಲಿಕ್ಕೂ ಪುರುಸೊತ್ತಿಲ್ಲ. ಅದು ಮುಗಿದರೆ ಮಕ್ಕಳ ಪರೀಕ್ಷೆ. ಖಾಲಿ ಕುರ್ಚಿಯ ಎದುರು ಕೂತು ಗೋಡೆ ಗಡಿಯಾರ ನೋಡುವುದು ದಣಿವಿನ ಕೆಲಸ. ದಿನಕ್ಕೆ ಆರು ಜನರ ಮಾತು ಕೇಳಿದರೂ ನನಗೆ ಅಷ್ಟು ಸುಸ್ತಾಗುತ್ತಿರಲಿಲ್ಲ.

ಟೈಲರಕ್ಕನಿಗೂ ಮಳೆಗಾಲದಲ್ಲಿ ಹೊಸ ಬಟ್ಟೆ ಇರುತ್ತಿರಲಿಲ್ಲ. ಅವರು ಅದನ್ನು ‘ಬಿಚ್ಚೋ ಕಾಲ’ ಎನ್ನುತ್ತಿದ್ದರು. ಬಿಗಿಯಾದ ಹಳೆಯ ರವಿಕೆಗಳನ್ನು ತರಿಸಿಕೊಂಡು, ಬ್ಲೇಡು ಹಿಡಿದು ಹೊಲಿಗೆ ಬಿಚ್ಚಿ, ಸಡಿಲ ಮಾಡಿ ಕೊಡುತ್ತಿದ್ದರು. ಅದಕ್ಕೆಂದೇ ಹೊಲಿಯುವಾಗ ಪ್ರತಿ ರವಿಕೆಯ ಒಳಗೂ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಿದ್ದರು. ನನಗೂ ಅದೇ ಪಾಠ ಹೇಳಿದರು. ಬರಲಾಗದವರಿಗೆ ನೀವೇ ಫೋನ್ ಮಾಡಿ, ಹೇಗಿದ್ದೀರಿ ಅಂತ ಕೇಳಿ. ಸುಲಿತದ ಕಾಲದಲ್ಲಿ ಸಂತೆಯ ದಿನ ಬೆಳಿಗ್ಗೆ ಬೇಗ ಬನ್ನಿ, ಹೆಂಗಸರು ಪೇಟೆಗೆ ಬರುವುದು ಅವತ್ತೇ ಎಂದರು. ನನ್ನ ಕೋರ್ಸಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಮೂರು ಮಳೆಗಾಲ ಆ ಕೋಣೆ ಉಳಿದದ್ದು ಈ ಬುದ್ಧಿಯಿಂದ.

ಇನ್ನೊಂದು ಸಂಗತಿ ಹೇಳಲೇಬೇಕು. ಒಬ್ಬ ಸೊಸೆ ನನ್ನಲ್ಲಿಗೆ ಬರುತ್ತಿದ್ದಳು. ಊರನ್ನು ಬೇಕೆಂದೇ ಬದಲಿಸಿ ಹೇಳುತ್ತೇನೆ, ಮೇಗುಂದ ಎಂದಿಟ್ಟುಕೊಳ್ಳಿ. ಎಂಟು ವಾರವೂ ಒಂದೇ ಹಸಿರು ರವಿಕೆ ಬಟ್ಟೆ ತಂದಿದ್ದಳು. ಎಂಟನೆಯ ವಾರ ಅವಳು ನನ್ನೆದುರು ಕೂತಿದ್ದಾಗಲೇ ಹೊರಗೆ ಅವಳ ಅತ್ತೆಯ ದನಿ ಕೇಳಿಸಿತು.

“ಎಂತ ಮಾರಾಯ್ತಿ, ಒಂದು ರವಿಕೆಗೆ ಎಂಟು ವಾರ ಅಳತೆಯಾ?”

ಹುಡುಗಿ ಬಟ್ಟೆಯ ಕವರನ್ನು ಎದೆಗೊತ್ತಿಕೊಂಡಳು. ಟೈಲರಕ್ಕ ಪಿನ್ನು ತೆಗೆದಿರಬೇಕು, ಮಾತು ಸ್ಪಷ್ಟವಾಗಿತ್ತು.

“ತಪ್ಪು ನಂದೇ ಅಮ್ಮ. ಕತ್ರಿ ತಪ್ಪಿ ಬಟ್ಟೆ ಹಾಳು ಮಾಡ್ದೆ. ಹೇಳಕ್ಕೆ ನಾಚ್ಕೆ ಆಗಿ ಆ ಹುಡ್ಗೀನ ಸುಮ್ನೆ ತಿರುಗಿಸ್ದೆ. ಒಳಗೆ ಹಾಕಿ ನೋಡ್ತಿದಾಳೆ, ಕೂತ್ಕೊಳ್ಳಿ.”

ಮೂವತ್ತು ವರ್ಷದಲ್ಲಿ ಒಂದು ತುಂಡು ಬಟ್ಟೆಯನ್ನೂ ಕೆಡಿಸದ ಹೆಂಗಸು ಅವರು. ಅತ್ತೆ ಮನಸಾರೆ ಬೈದರು, ಅವರು ತಲೆ ತಗ್ಗಿಸಿ ಕೇಳಿದರು. ಹುಡುಗಿ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಹೋಗಿ, ಈ ಸಲವೂ ತೋಳು ಬಿಗಿ ಎಂದು ತಾನೇ ಒಂದು ಮಾತು ಸೇರಿಸಿದಳು! ಅತ್ತೆ, ಸೊಸೆ ಹೋದ ಮೇಲೆ ನಾನೂ ಟೈಲರಕ್ಕನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆದರೆ ಆ ಊರಿನ ಮದುವೆ ರವಿಕೆಗಳು ಮುಂದೆ ಅವರ ಅಂಗಡಿಗೆ ಬರಲಿಲ್ಲ. ಇದು ನನಗೆ ತಿಳಿದದ್ದು ವರ್ಷ ಕಳೆದ ಮೇಲೆ, ಅದೂ ಆ ಸೊಸೆಯಿಂದ. ಟೈಲರಕ್ಕ ಒಂದು ದಿನವೂ ಎತ್ತಿ ಆಡಲಿಲ್ಲ.

ನಾಲ್ಕನೆಯ ಮಳೆಗಾಲಕ್ಕೆ ನನ್ನ ಕೈ ಸೋತಿತು. ಶಿವಮೊಗ್ಗದ ಆಸ್ಪತ್ರೆಯೊಂದರಿಂದ ಕೆಲಸಕ್ಕೆ ಕರೆ ಬಂದಿತ್ತು, ಸೋಮವಾರದೊಳಗೆ ಉತ್ತರ ಹೇಳಬೇಕಿತ್ತು. ಹನ್ನೆರಡು ದಿನದಿಂದ ಯಾರೂ ಬಂದಿರಲಿಲ್ಲ. ಭೀಮನ ಅಮಾವಾಸ್ಯೆ ಕಳೆದ ಮಾರನೆಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ, ಟೈಲರಕ್ಕ ನನ್ನ ಬಾಗಿಲಲ್ಲಿ ನಿಂತರು. ಕೈಯಲ್ಲಿ ಪ್ಲಾಸ್ಟಿಕ್ ಕವರು. ಬಾಯಲ್ಲಿ ಪಿನ್ನಿರಲಿಲ್ಲ.

“ಅಳತೆ ಕೊಡಕ್ಕೆ ಬಂದೆ ಮೇಡಂ.”

ನಾನು ನಕ್ಕುಬಿಟ್ಟೆ. ಟೈಲರ್ ಅಳತೆಯನ್ನು ನಾನು ತೆಗೆಯಬೇಕಾ ಎಂದು ತಮಾಷೆ ಮಾಡಿ, ಬನ್ನಿ ಕೂತ್ಕೊಳ್ಳಿ ಎಂದೆ. ನನಗೆ ಯಾರಾದರೂ ಸಿಕ್ಕರೆ ಸಾಕಾಗಿತ್ತು. ಬಾಗಿಲು ಮುಚ್ಚುವ ಯೋಚನೆ, ಖಾಲಿ ಕುರ್ಚಿ, ಈ ಊರಿನ ಜನ, ನನ್ನ ದಡ್ಡತನ ಎಲ್ಲವನ್ನೂ ಒಂದು ಗಂಟೆ ಅವರ ಮುಂದೆ ಸುರಿದೆ. ಅವರು ತೊಡೆಯ ಮೇಲಿನ ಕವರನ್ನು ಅಂಗೈಯಿಂದ ಸವರುತ್ತ ಕೇಳಿದರು. ಕೊನೆಗೆ ಎದ್ದು ನಿಂತು ಹೇಳಿದರು:

“ಬಾಗ್ಲು ಮಾತ್ರ ಹಾಕ್ಬೇಡಿ. ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿರ್ಬೇಕು ಮೇಡಂ. ಈಗ್ಲೇ ಕತ್ತರಿಸಿ ಎಸೆದ್ರೆ ಆಮೇಲೆ ಬಿಚ್ಚಿ ಸಡಿಲ ಮಾಡಕ್ಕೆ ಎಂತದೂ ಇರಲ್ಲ.”

ನನ್ನ ಮನಸ್ಸು ಹಗುರಾಯಿತು. ಸೋಮವಾರ ಶಿವಮೊಗ್ಗಕ್ಕೆ ಫೋನ್ ಮಾಡಿ ಬರುವುದಿಲ್ಲ ಎಂದೆ.

ದೀಪಾವಳಿಗೆ ಮೊದಲೇ ಅವರು ಅಂಗಡಿಗೆ ಬೀಗ ಹಾಕಿ, ಸ್ವಲ್ಪ ದಿನ ತಂಗಿಯ ಮನೆಯಲ್ಲಿದ್ದು ಬರುತ್ತೇನೆಂದು ನರಸಿಂಹರಾಜಪುರಕ್ಕೆ ಹೋದರು. ಫೋನಿನಲ್ಲಿ ಪ್ರತಿ ಸಲವೂ ಎಷ್ಟು ಜನ ಬಂದರು ಎಂದೇ ಕೇಳುತ್ತಿದ್ದರು. ಸಂಕ್ರಾಂತಿ ಕಳೆದ ವಾರ ತೀರಿಕೊಂಡರು. ಎದೆಯ ಕ್ಯಾನ್ಸರ್ ಎಂದು ನನಗೆ ಗೊತ್ತಾದದ್ದು ಅವರ ತಂಗಿಯ ಮನೆಯ ಜಗಲಿಯಲ್ಲಿ. ತಂಗಿ ಆಸ್ಪತ್ರೆಯ ಕಾಗದಗಳಿದ್ದ ಒಂದು ಕವರು ತಂದು ತೋರಿಸಿದರು. ಅವತ್ತು ಅವರ ತೊಡೆಯ ಮೇಲಿದ್ದ ಕವರೇ ಎಂದು ನೋಡಿದ ಕೂಡಲೇ ಗುರುತು ಹಿಡಿದೆ.

“ರಿಪೋರ್ಟ್ ಬಂದ್ಮೇಲೆ ಮೊದ್ಲು ನಿಮ್ಮ ಹತ್ರ ಹೇಳ್ಬೇಕು ಅಂತಿದ್ಲು. ಹೋಗಿ ಬಂದ್ಲು. ಎಂತ ಹೇಳಿದ್ರು ಅಂತ ಕೇಳ್ದೆ. ‘ಪಾಪ, ಅವ್ರಿಗೇ ಬೇಜಾರಾಗಿತ್ತು’ ಅಂದ್ಲು.”

ನಾನು ಅಲ್ಲಿ ಅಳಲಿಲ್ಲ. ವಾಪಸಾಗುವಾಗ ಬಸ್ಸಿನಲ್ಲಿ ಅತ್ತೆ.

ಅವರ ಮಿಷಿನ್ನನ್ನು ತಂಗಿಯಿಂದ ಕೇಳಿ ಪಡೆದು ಅದೇ ಜಾಗದಲ್ಲಿ ಇಟ್ಟಿದ್ದೇನೆ. ನನಗೆ ನೆಟ್ಟಗೆ ಒಂದು ಗುಂಡಿ ಹೊಲಿಯಲು ಬರುವುದಿಲ್ಲ. ನಿಜವಾಗಿ ರವಿಕೆ ಹೊಲಿಸಲು ಬಂದವರಿಗೆ ಮಳೆಗಾಲ ಕಳೆಯಲಿ ಎನ್ನುತ್ತೇನೆ. ಈಗಲೂ ಮಳೆಗಾಲವೇ, ಈ ವಾರ ಬಂದದ್ದು ಒಬ್ಬರು, ನನಗೆ ದಣಿವು ಕಡಿಮೆಯೇನೂ ಆಗಿಲ್ಲ. ಆದರೆ ಯಾರಾದರೂ ಕವರು ಹಿಡಿದು ಬಾಗಿಲಲ್ಲಿ ನಿಂತು ಅಳತೆ ಕೊಡಲು ಬಂದೆ ಎಂದರೆ ನಾನೀಗ ನಗುವುದಿಲ್ಲ. ಕುರ್ಚಿ ತೋರಿಸಿ, ಬಾಯಿ ಮುಚ್ಚಿ ಕೂರುತ್ತೇನೆ. ಪಿನ್ನು ಇರಬೇಕಾದದ್ದು ನನ್ನ ತುಟಿಗಳ ನಡುವೆ.